ಗಣಕಯಂತ್ರವೂ ಅವಕಲನವೂ

ಒಂದು ರಾಶಿಯು ಕಿಂಚಿತ್ತು ಬದಲಾದಾಗ ಅದನ್ನವಲಂಬಿಸಿದ ಮತ್ತೊಂದು ರಾಶಿಯು ಎಷ್ಟರಮಟ್ಟಿಗೆ ಬದಲಾಗುವುದೆಂಬುದನ್ನು ತಿಳಿಸುವ ಅವಕಲನಗಣಿತವು ನ್ಯೂಟನ್, ಲೈಬ್ನಿಟ್ಸರ ಕಾಲದಿಂದಲೂ ಪ್ರಸಿದ್ಧವಾದುದು. ಆದರೆ ಸಾವಿರಾರು ಪಂಕ್ತಿಗಳ ವಿಧಿಯಾಗಿ ಗಣಕಯಂತ್ರದೊಳಗಿರುವ ಲೆಕ್ಕಕ್ಕೆ ಅವಕಲನವನ್ನು ಪಡೆಯುವ ಬಗೆ ಹೇಗೆ? ಕೈಯಿಂದ ಬರೆದರೆ ತಪ್ಪು ನುಸುಳುವುದು. ರಾಶಿಗೆ ಅಲ್ಪಾಂತರವನ್ನು ಕೊಟ್ಟು, ಫಲದ ವ್ಯತ್ಯಾಸವನ್ನು ಅದರಿಂದ ಭಾಗಿಸಿದರೆ ಉತ್ತರವು ಸ್ಥೂಲವಾಗುವುದು.

೧೯೬೪ರಲ್ಲಿ ವೆಂಗರ್ಟ್ ಎಂಬವರು ಒಂದು ಸುಲಭೋಪಾಯವನ್ನು ಪ್ರಕಟಿಸಿದರು. ಎಂತಹ ಲೆಕ್ಕವೂ ಕೂಡುವುದು, ಗುಣಿಸುವುದು ಮುಂತಾದ ಸಣ್ಣ ಹೆಜ್ಜೆಗಳ ಸರಣಿಯಷ್ಟೆ. ಪ್ರತಿ ಹೆಜ್ಜೆಯಲ್ಲಿಯೂ ಬೆಲೆಯೊಡನೆ ಅವಕಲನವನ್ನೂ ಒಯ್ದರಾಯಿತು. ಆದರೆ ಮೂಲರಾಶಿಗಳು ಸಾವಿರವಿದ್ದರೆ ಸಾವಿರ ಸಲ ನಡೆಯಬೇಕು. ೧೯೭೦ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಸೆಪ್ಪೊ ಲಿನ್ನಾಯಿನ್ಮಾ ಅವರು, ದಶಾಂಶಗಳನ್ನು ಮೊಟಕುಮಾಡುವುದರಿಂದ ಬೆಳೆಯುವ ದೋಷವನ್ನು ವಿಚಾರಿಸುತ್ತ, ಸರಣಿಯನ್ನು ಕಡೆಯಿಂದ ಮೊದಲಿಗೆ ನಡೆಯುವ ಮಾರ್ಗವನ್ನು ನಿರೂಪಿಸಿದರು. ಮೂಲರಾಶಿಗಳು ಎಷ್ಟೇ ಇರಲಿ, ಈ ಮಾರ್ಗದ ವೆಚ್ಚವು ಮೂಲ ಲೆಕ್ಕದ ಕೆಲವೇ ಪಟ್ಟೆಂದು ೧೯೮೩ರಲ್ಲಿ ಬೌರ್ ಮತ್ತು ಸ್ಟ್ರಾಸೆನ್ ಸಿದ್ಧಪಡಿಸಿದರು. ಯಂತ್ರಗಳಿಗೆ ಕಲಿಸುವ ಇಂದಿನ ವಿದ್ಯೆಯು ಇದರ ಮೇಲೆಯೇ ನಿಂತಿದೆ.

ಈ ಹಿನ್ನಡೆಯ ಕೆಲಸವನ್ನು, ಮನುಷ್ಯನು ಬರೆದ ವಿಧಿಯನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿಗೆ ಒಪ್ಪಿಸುವ ವಿಚಾರವನ್ನು ೧೯೮೦ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಪೀಲ್ಪೆನಿಂಗ್ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ತೊಡಕುಗಳು ಆಮೇಲೆ ಕಂಡುಬಂದುವು. ಹಿಂದಿರುಗಬೇಕಾದರೆ ನಡೆದ ದಾರಿಯ ಬೆಲೆಗಳೆಲ್ಲ ನೆನಪಿನಲ್ಲಿರಬೇಕು. ದೀರ್ಘವಾದ ಲೆಕ್ಕಕ್ಕೆ ಯಂತ್ರದ ಸ್ಮರಣೆಯು ಸಾಲದು. ಅಲ್ಲಲ್ಲಿ ಮೈಲಿಗಲ್ಲುಗಳನ್ನು ನೆಟ್ಟು ನಡುವಣ ಭಾಗವನ್ನು ಮತ್ತೆ ಗಣಿಸಿಕೊಂಡರೆ ಸ್ಮರಣೆಯೂ ಕಾಲವೂ ಮಿತವಾಗುವುವೆಂದು ೧೯೯೨ರಲ್ಲಿ ಗ್ರೀವಾಂಕ್ ತೋರಿಸಿದರು. ಇನ್ನು ಕ್ರಮದ ಪ್ರಶ್ನೆ. ಕಂಪೈಲರು ವ್ಯರ್ಥವಾದ ಪುನರಾವೃತ್ತಿಯನ್ನು ಕಳೆಯುವ ಮೊದಲೇ ಅವಕಲನಮಾಡಿದರೆ ಆ ವ್ಯರ್ಥವೂ ಅವಕಲನದಲ್ಲಿ ಉಳಿದುಬಿಡುವುದು. ಮೊದಲು ಶೋಧನೆ, ಬಳಿಕ ಅವಕಲನ ಎಂಬ ಕ್ರಮದಿಂದ, ತಾವು ಪರೀಕ್ಷಿಸಿದ ಲೆಕ್ಕಗಳಲ್ಲಿ ವೇಗವು ಸರಾಸರಿ ೪.೨ ಪಟ್ಟಾಯಿತೆಂದು ೨೦೨೦ರಲ್ಲಿ ಎನ್‌ಜೈಮ್ ಎಂಬ ಸಾಧನದ ಕರ್ತೃಗಳು ವರದಿಮಾಡಿದರು.

ವೇಗಕ್ಕಿಂತಲೂ ಮುಖ್ಯವಾದುದು ನಿಜ. 'ರಾಶಿಯು ಸೊನ್ನೆಯಾದರೆ ಫಲ ಸೊನ್ನೆ. ಇಲ್ಲವಾದರೆ ಆ ರಾಶಿಯೇ ಫಲ' ಎಂಬ ವಿಧಿಯನ್ನು ನೋಡಿರಿ. ಎಲ್ಲೆಡೆಯೂ ಫಲವು ರಾಶಿಗೆ ಸಮನಾಗಿರುವುದರಿಂದ ಅವಕಲನವು ಒಂದೇ ಸರಿ. ಆದರೆ ರಾಶಿಯು ಸೊನ್ನೆಯಾಗಿರುವಲ್ಲಿ ಯಂತ್ರವು ಮೊದಲನೆಯ ಕವಲನ್ನು ಮಾತ್ರ ಕಂಡು ಸೊನ್ನೆಯೆಂದು ಹೇಳುವುದು. ಅದು ತಡವರಿಸುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸ್ಥೂಲವೆಂದು ನಾವು ಬದಿಗಿಟ್ಟ ಅಲ್ಪಾಂತರದ ವಿಧಾನವಾದರೋ ಇಲ್ಲಿ ಒಂದೆಂದೇ ನುಡಿಯುವುದು. ಆದುದರಿಂದಲೇ ಬಲ್ಲವರು ಹೊಸ ಯಂತ್ರದ ಸೂಕ್ಷ್ಮವಾದ ಫಲವನ್ನು ಈಗಲೂ ಆ ಹಳೆಯ ಒರೆಗಲ್ಲಿಗೆ ಹಚ್ಚಿದ ಹೊರತು ನಂಬುವುದಿಲ್ಲ.