ಮೂವತ್ತು ವರ್ಷದ ಹಳೆಯ ಪತ್ರ ಮತ್ತು ಅದರ ನಕಲು: 1935ರ ಪ್ರಿವಿ ಕೌನ್ಸಿಲ್ ತೀರ್ಪಿನ ಮರುಪರಿಶೀಲನೆ

ಬಸಂತ್ ಸಿಂಗ್ ವಿರುದ್ಧ ಬ್ರಿಜ್ ರಾಜ್ ಸರನ್ ಸಿಂಗ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1935ರಲ್ಲಿ ನೀಡಿದ ತೀರ್ಪನ್ನು, ಹಳೆಯ ಪತ್ರದ ನಕಲಿಗೆ 1872ರ ಸಾಕ್ಷ್ಯ ಅಧಿನಿಯಮದ 90ನೆಯ ಪ್ರಕರಣ ಅನ್ವಯಿಸದು ಎಂಬ ಒಂದೇ ಸಾಲಿಗೆ ಇಳಿಸುವ ರೂಢಿ ವಕೀಲರ ವಾದಗಳಲ್ಲಿಯೂ ಕೈಪಿಡಿಗಳಲ್ಲಿಯೂ ಬೇರೂರಿದೆ. ಆ ಸಾಲು ತಪ್ಪಲ್ಲ, ಆದರೆ ಅಪೂರ್ಣ. ಅದು ಕೈಬಿಟ್ಟ ಭಾಗವೇ ಮೂಲಪತ್ರ ಕಳೆದುಹೋದ ಆಸ್ತಿ ದಾವೆಗಳಲ್ಲಿ ಹೆಚ್ಚು ಬೇಕಾಗುವಂಥದು.

ಮೂವತ್ತು ವರ್ಷ ಹಳೆಯದಾದ ಪತ್ರವು ಯುಕ್ತ ವಶದಿಂದ, ಅಂದರೆ ಅದು ಸಹಜವಾಗಿ ಇರಬೇಕಾದವರ ಬಳಿಯಿಂದ ಹಾಜರಾದರೆ, ಅದರ ಸಹಿ, ಕೈಬರಹ, ಬರೆದುಕೊಟ್ಟ ಕ್ರಿಯೆ ಮತ್ತು ಸಾಕ್ಷಿಗಳ ರುಜು ನೈಜವೆಂದು ನ್ಯಾಯಾಲಯ ಪೂರ್ವಭಾವಿಸಬಹುದು, ಅಂದರೆ ಬೇರೆ ರುಜುವಾತು ಕೇಳದೆ ಒಪ್ಪಬಹುದು ಎಂಬುದು 90ನೆಯ ಪ್ರಕರಣದ ತಿರುಳು. ಪತ್ರದೊಳಗಿನ ಒಕ್ಕಣೆ ಸತ್ಯವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಮೂಲ ಕಳೆದುಹೋಗಿ ನಕಲು ದ್ವಿತೀಯಕ ಸಾಕ್ಷ್ಯವಾಗಿ, ಅಂದರೆ ಮೂಲದ ಬದಲಿಗೆ, ಬಂದಾಗಲೂ ಇದೇ ಸೌಲಭ್ಯ ಮೂಲಕ್ಕೆ ಸಲ್ಲುತ್ತದೆಂದು ಕಲ್ಕತ್ತಾ ಹೈಕೋರ್ಟು 1880ರಲ್ಲಿ ತಳೆದ ಉದಾರ ನಿಲುವನ್ನು ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ, ಮತ್ತು ಒಪ್ಪದಿದ್ದುದೇ ಸರಿ: ಕಾಗದದ ಸವೆತ, ಮಸಿಯ ಬಣ್ಣ, ತಿದ್ದಿದ ಗುರುತು, ಹೆಬ್ಬೆಟ್ಟಿನ ಒತ್ತು ಇವೆಲ್ಲವನ್ನೂ ನ್ಯಾಯಾಧೀಶರು ಕಣ್ಣಾರೆ ಪರೀಕ್ಷಿಸಲು ಮೂಲದಲ್ಲಿ ಅವಕಾಶವಿದೆ, ನಕಲಿನಲ್ಲಿ ಉಳಿಯುವುದು ಒಕ್ಕಣೆ ಮಾತ್ರ.

ಆದರೆ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ದ್ವಿತೀಯಕ ಸಾಕ್ಷ್ಯಕ್ಕೆ ಅವಕಾಶ ಕೊಡುವ 65ನೆಯ ಪ್ರಕರಣದಡಿ ಅಂಗೀಕೃತವಾದ ನಕಲೇ ಮೂವತ್ತು ವರ್ಷ ದಾಟಿದ್ದು ಯುಕ್ತ ವಶದಿಂದ ಬಂದಿದ್ದರೆ, ಆ ನಕಲನ್ನು ದೃಢೀಕರಿಸಿದ ಸಹಿಗಳು ನೈಜವೆಂದು ಪೂರ್ವಭಾವಿಸಬಹುದೆಂದು ಅದು ಸ್ಪಷ್ಟವಾಗಿ ಸೇರಿಸಿತು. ಹೀಗಾಗಿ ನಕಲು ದೃಢೀಕರಿಸಿದವನ ಸಹಿಗೆ ಅದರ ವಯಸ್ಸು ಆಸರೆಯಾಗುತ್ತದೆ; ಮೂಲವನ್ನು ಬರೆದುಕೊಟ್ಟವನ ಸಹಿಯನ್ನು ಮಾತ್ರ ಬೇರೆ ಸಾಕ್ಷ್ಯದಿಂದಲೇ ರುಜುಪಡಿಸಬೇಕು. ಈ ಎರಡು ಹಂತಗಳನ್ನು ಬೆರೆಸುವವರು ಒಮ್ಮೆ ಹಳೆಯ ನಕಲನ್ನು ಪೂರ್ತಿ ತಳ್ಳಿಹಾಕುತ್ತಾರೆ, ಮತ್ತೊಮ್ಮೆ ಅದನ್ನೇ ಹಕ್ಕಿನ ಪೂರ್ಣ ರುಜುವಾತೆಂದು ಎತ್ತಿಹಿಡಿಯುತ್ತಾರೆ. ಎರಡಕ್ಕೂ ಈ ತೀರ್ಪಿನಲ್ಲಿ ಆಧಾರವಿಲ್ಲ.

ಅರ್ಧ ಓದು ಹಬ್ಬಲು ಹರಿಹರ ಪ್ರಸಾದ್ ಸಿಂಗ್ ಮೊಕದ್ದಮೆಯ 1956ರ ಸುಪ್ರೀಂ ಕೋರ್ಟ್ ತೀರ್ಪು ಕಾರಣವಾಗಿರಬೇಕು. ಪೂರ್ವಭಾವನೆ ಮೂಲಪತ್ರಗಳಿಗಷ್ಟೇ, ನಕಲುಗಳಿಗಲ್ಲ ಎಂದು ಅದು ಸಂಗ್ರಹವಾಗಿ ಹೇಳಿತು. ಎದುರಿಗಿದ್ದ ಪ್ರಶ್ನೆಗೆ ಅಷ್ಟು ಸಾಕಾಗಿತ್ತು, ಆದರೆ ಟೀಕಾಕಾರರು ಅದನ್ನೇ ಇಡೀ ನಿಯಮವೆಂದು ಎತ್ತಿಕೊಂಡದ್ದು ಸಲ್ಲದು. ಉತ್ತರ ಪ್ರದೇಶದ ಶಾಸಕಾಂಗ 1954ರಲ್ಲಿ ಅವಧಿಯನ್ನು 20 ವರ್ಷಕ್ಕೆ ಇಳಿಸಿ, ನೋಂದಾಯಿತ ಪತ್ರದ ದೃಢೀಕೃತ ನಕಲು ಹಾಜರಾದರೂ ಮೂಲದ ಸಹಿಯನ್ನು ಪೂರ್ವಭಾವಿಸಬಹುದೆಂದು ತಿದ್ದುಪಡಿ ತಂದದ್ದನ್ನು ಇಲ್ಲಿ ಗಮನಿಸಬೇಕು. 1872ರ ಮೂಲಪಾಠದಲ್ಲಿ ಆ ಅಧಿಕಾರ ಮೊದಲೇ ಇದ್ದಿದ್ದರೆ ಅಂಥ ತಿದ್ದುಪಡಿ ಬೇಕಾಗುತ್ತಿರಲಿಲ್ಲ.

1872ರ ಅಧಿನಿಯಮದ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ತನ್ನ 92ನೆಯ ಪ್ರಕರಣದಲ್ಲಿ ಮೂವತ್ತು ವರ್ಷದ ಗಡುವನ್ನೂ ಯುಕ್ತ ವಶದ ನಿಬಂಧನೆಯನ್ನೂ ಉಳಿಸಿಕೊಂಡಿರುವುದರಿಂದ, 1935ರ ತೀರ್ಪಿನ ಎರಡೂ ಮಾತುಗಳು ಇಂದಿನ ದಾವೆಗಳಿಗೂ ಅಷ್ಟೇ ಪ್ರಸ್ತುತವಾಗಿವೆ.