ಟಿವಿ ಪರದೆಯಲ್ಲಿ ಕರೆಗಾರರ ವಿವರ: ಪೇಟೆಂಟ್ ವಿವಾದಗಳು

ಫೋನು ರಿಂಗಾದಾಗ ಕರೆ ಮಾಡಿದವರ ನಂಬರು, ಹೆಸರು ಟಿವಿಯಲ್ಲೇ ಮೂಡುವ ವ್ಯವಸ್ಥೆಯ ಮೇಲಿನ ಹಕ್ಕಿನ ತಕರಾರುಗಳು ಇವು. ವಿವರವನ್ನು ಟಿವಿಗೆ ತರುವ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಅಮೆರಿಕದ ಡಿಶ್ ಬಾಕ್ಸುಗಳಿಗೆ ಫೋನಿನ ತಂತಿಯನ್ನೇ ಸಿಕ್ಕಿಸುತ್ತಿದ್ದರು. ಮೊದಲ ಮತ್ತು ಎರಡನೆಯ ರಿಂಗಿನ ನಡುವೆ ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಬರುವ ಸಂಕೇತವನ್ನು ಬಾಕ್ಸಿನ ಮೋಡೆಮ್ ಓದಿ, ಓಡುತ್ತಿರುವ ಕಾರ್ಯಕ್ರಮದ ಮೇಲೆ ಪಟ್ಟಿಯಾಗಿ ತೋರಿಸುತ್ತಿತ್ತು. ಟಿವಿ, ಫೋನು ಎರಡನ್ನೂ ಕೊಡುವ ಕೇಬಲ್ ಕಂಪನಿಯಾದರೆ ಅದರ ಸರ್ವರೇ ವಿವರವನ್ನು ಬಾಕ್ಸಿಗೆ ಕಳಿಸುತ್ತದೆ. ನೋಡುವವರಿಗೆ ಎರಡೂ ಒಂದೇ. ವಕೀಲರಿಗೆ ಬೇರೆ ಬೇರೆ. ಪೇಟೆಂಟ್ ರಕ್ಷಿಸುವುದು ಅದರಲ್ಲಿ ಬರೆದಿರುವ ವಿಧಾನವನ್ನು, ನಂಬರು ತೋರಿಸಬೇಕೆಂಬ ಆಸೆಯನ್ನಲ್ಲ.

ಕರೆಗಾರರ ಗುರುತು ತೋರಿಸುವ ಆರಂಭದ ಪೇಟೆಂಟುಗಳಲ್ಲೊಂದು ಗ್ರೀಸಿನ ಥಿಯೋಡೋರ್ ಪರಸ್ಕೆವಾಕೊಸ್ ಅವರಿಗೆ 1973ರಲ್ಲಿ ಅಮೆರಿಕದಲ್ಲಿ ಸಿಕ್ಕಿತು. ಅಂದಿನ ಕಾಯಿದೆಯ 17 ವರ್ಷದ ಅವಧಿ ಎಂದೋ ಮುಗಿದಿದೆ. ಹೆಚ್ಚು ಎಳೆದಾಡಿದ್ದು ಬ್ರೆಜಿಲಿನ ವ್ಯಾಜ್ಯ. ‘ಬಿನಾ’ ಎಂಬ ಕರೆಗಾರ ಗುರುತು ಸಾಧನ ತನ್ನದೆಂದ ತಂತ್ರಜ್ಞ ನೆಲಿಯೊ ನಿಕೊಲಾಯ್ ಮೊಬೈಲ್ ಕಂಪನಿಗಳ ಮೇಲೆ ದಾವೆ ಹೂಡಿದರು. 2012ರಲ್ಲಿ ಕ್ಲಾರೊ ಕಂಪನಿ ರಾಜಿಯಾಯಿತು. 2017ರಲ್ಲಿ ನಿಕೊಲಾಯ್ ತೀರಿಕೊಂಡರು.

ನಂಬರು ಕಾಣಬೇಕಾದರೆ ಮೊದಲು ಎಕ್ಸ್‌ಚೇಂಜ್ ಅದನ್ನು ಕಳಿಸಬೇಕು. ಭಾರತದ ಮಟ್ಟಿಗೆ ಆ ಕಥೆಯಲ್ಲಿ ಬೆಳಗಾವಿ ಜಿಲ್ಲೆಗೆ ಪಾಲಿದೆ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಮೊದಲ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಶುರುವಾಯಿತು. ಏಸಿ ಇಲ್ಲದ ಕೋಣೆಯಲ್ಲೂ ನಡೆಯುವಂತೆ ಅದನ್ನು ಮಾಡಿದ್ದರು. ತಂತ್ರಜ್ಞಾನವನ್ನು ಒಬ್ಬರ ಕೈಯಲ್ಲಿ ಇಡದೆ ಹಲವು ತಯಾರಕರಿಗೆ ಲೈಸೆನ್ಸ್ ಮೇಲೆ ಕೊಟ್ಟದ್ದು ಜಾಣತನವೇ ಸರಿ. ಮುಂದೆ ದೇಶದ ಅನೇಕ ಎಕ್ಸ್‌ಚೇಂಜುಗಳು ನಂಬರನ್ನು ಡಿಟಿಎಂಎಫ್ ಸ್ವರಗಳಲ್ಲಿ, ಅಂದರೆ ಫೋನಿನ ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳಲ್ಲಿ ಕಳಿಸಿದವು. ಅಮೆರಿಕದ ರೀತಿಗೆ ಬರೆದ ಪೇಟೆಂಟು ಇಂಥಲ್ಲಿ ತಾನಾಗಿ ಹೊಂದುವುದಿಲ್ಲ.

ಅಲ್ಲದೆ ಪೇಟೆಂಟಿಗೆ ದೇಶದ ಗಡಿಯಿದೆ. ಖಾನಾಪುರ ತಾಲ್ಲೂಕಿನ ಹಲಸಿಯ ಮನೆಯೊಂದರ ಟಿವಿಯಲ್ಲಿ ಕರೆಗಾರರ ಹೆಸರು ಮೂಡಿದರೆ ಅಮೆರಿಕದ ಪೇಟೆಂಟುದಾರರು ಏನೂ ಮಾಡಲಾರರು. ಹಕ್ಕು ಕೇಳಲು 1970ರ ಭಾರತೀಯ ಪೇಟೆಂಟ್ ಕಾಯಿದೆಯಡಿ ಇಲ್ಲೂ ಪೇಟೆಂಟ್ ಪಡೆದಿರಬೇಕು. ಆ ಕಾಯಿದೆಯ ಕಲಂ 3(ಕೆ) ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ನಿರಾಕರಿಸುತ್ತದೆ. ಆದರೆ ತಾಂತ್ರಿಕ ಪರಿಣಾಮವಿದ್ದರೆ ಪರಿಗಣಿಸಬೇಕೆಂದು 2019ರ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಪರದೆಯ ಮೇಲಿನ ಪಟ್ಟಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುವಂಥದ್ದಲ್ಲ.

ಭಾರತದಲ್ಲಿ ಪೇಟೆಂಟ್ ಇದ್ದ ಪಕ್ಷದಲ್ಲಿ ತಯಾರಕರಷ್ಟೇ ಅಲ್ಲ, ಬಾಕ್ಸ್ ಮಾರುವ ಅಂಗಡಿಯವರೂ ಹೊಣೆಗಾರರು. ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಪೇಟೆಂಟನ್ನೇ ರದ್ದುಮಾಡಿ ಎಂದು ಪ್ರತಿವಾದಿ ಪ್ರತಿದಾವೆ ಹಾಕಿದರೆ ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ. ಬೆಳಗಾವಿ ಜಿಲ್ಲೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ.