ಬಾಟಲಿ ತೆರೆದ ಊರು, ರೋಗಿ ಬಂದ ಊರು: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಮತ್ತು ಕಾಂಟ್ರಾಸ್ಟ್ ಮಾರುಕಟ್ಟೆ

ಸ್ಕ್ಯಾನಿಂಗ್‌ಗೆ ಬಳಸುವ ಕಾಂಟ್ರಾಸ್ಟ್ ಔಷಧಿಗಳ ಜಾಗತಿಕ ಮಾರುಕಟ್ಟೆಯನ್ನು ಅಳೆಯುವವರು ಬಾಟಲಿ ಎಲ್ಲಿ ಮಾರಾಟವಾಯಿತೋ ಬೇಡಿಕೆಯೂ ಅಲ್ಲಿಯದೇ ಎಂದು ಹಿಡಿಯುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಟ್ಟಿಗೆ ಈ ಲೆಕ್ಕ ನಿಲ್ಲುವುದಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಎಕ್ಸ್‌ರೇ ತಾಲ್ಲೂಕು ಆಸ್ಪತ್ರೆಯವರೆಗೆ ಬಂದಿದೆ, ಸಿ.ಟಿ. ಸಾಮಾನ್ಯವಾಗಿ ಜಿಲ್ಲಾ ಕೇಂದ್ರದ್ದು. ಹಾಗಾಗಿ ಇಲ್ಲಿಯವರಿಗೆ ಬರೆದುಕೊಟ್ಟ ಕಾಂಟ್ರಾಸ್ಟ್ ಸಿ.ಟಿ. ಹೆಚ್ಚಾಗಿ ವಿಜಯಪುರದಲ್ಲಿ, ಇಲ್ಲವೇ ಸೊಲ್ಲಾಪುರ, ಮಿರಜ, ಕಲಬುರಗಿ, ಬಾಗಲಕೋಟೆಗಳಲ್ಲಿ ಆಗುತ್ತದೆ. ಔಷಧಿ ಒಳಹೋದದ್ದು ಸಿಂದಗಿಯವರ ಮೈಗೆ, ಖರ್ಚು ಬಿದ್ದದ್ದು ಕಲಬುರಗಿಯ ಲೆಕ್ಕಕ್ಕೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಈಗ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಇಲ್ಲಿ ಹಳೆಯ ಗಡಿಗಳನ್ನೇ ಇಟ್ಟುಕೊಂಡಿದ್ದೇನೆ. ತಾಲ್ಲೂಕು ಒಡೆದ ಮಾತ್ರಕ್ಕೆ ದವಾಖಾನೆಯ ದಾರಿ ಬದಲಾಗಿಲ್ಲ.

ಮೊದಲು ಬಾಟಲಿಯೊಳಗೆ ಏನಿದೆ ಎಂದು ನೋಡೋಣ. ಸಿ.ಟಿ.ಯಲ್ಲಿ ರಕ್ತನಾಳವೂ ಗಡ್ಡೆಯೂ ಬೆಳ್ಳಗೆ ಎದ್ದು ಕಾಣುವುದು ಅಯೋಡಿನ್‌ನಿಂದ. ಅದರ ಭಾರವಾದ ಪರಮಾಣು ಕ್ಷ-ಕಿರಣವನ್ನು ಹೀರಿಕೊಳ್ಳುತ್ತದೆ. ಬಾಟಲಿಯ ಮೇಲೆ ‘ಅಯೋಹೆಕ್ಸಾಲ್ 350’ ಎಂದಿದ್ದರೆ ಪ್ರತಿ ಮಿಲಿಲೀಟರಿನಲ್ಲಿ 350 ಮಿಲಿಗ್ರಾಂ ಅಯೋಡಿನ್ ಇದೆ ಎಂದರ್ಥ. 100 ಮಿ.ಲೀ. ಬಾಟಲಿಯಲ್ಲಿ 35 ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದು ಬಾಟಲಿ ಸುಮಾರು 640 ವರ್ಷಗಳ ಪಾಲು. ಕಿಡ್ನಿ ಸರಿಯಿದ್ದವರಲ್ಲಿ ಅದರ ಬಹುಭಾಗ ಒಂದೇ ದಿನದಲ್ಲಿ ಮೂತ್ರದೊಂದಿಗೆ ಹೊರಟುಹೋಗುತ್ತದೆ.

ಈ ಅಯೋಡಿನ್ ಬರುವುದು ಮುಖ್ಯವಾಗಿ ಎರಡು ಕಡೆಯಿಂದ: ಚಿಲಿ ದೇಶದ ಅಟಕಾಮ ಮರುಭೂಮಿಯ ಕಲಿಚೆ ಅದಿರು, ಜಪಾನಿನ ಚಿಬಾ ಪ್ರಾಂತ್ಯದ ನೆಲದಡಿಯ ಉಪ್ಪುನೀರು. ಕ್ಷ-ಕಿರಣ ಕಾಂಟ್ರಾಸ್ಟೇ ಜಗತ್ತಿನಲ್ಲಿ ಅಯೋಡಿನ್‌ನ ಅತಿದೊಡ್ಡ ಬಳಕೆ. ಕಿಲೋಗೆ 60 ಡಾಲರ್ ಎಂದು ಹಿಡಿದರೆ 35 ಗ್ರಾಂಗೆ ಎರಡು ಡಾಲರ್ ಚಿಲ್ಲರೆ, ಅಂದರೆ ಇನ್ನೂರು ರೂಪಾಯಿಯೊಳಗೆ. ಉಳಿದ ಬೆಲೆಯೆಲ್ಲ ರಸಾಯನ ಸಂಶ್ಲೇಷಣೆ, ಸೋಂಕುರಹಿತವಾಗಿ ತುಂಬುವ ಕೆಲಸ, ಗಾಜು, ಸಾಗಾಟ, ಕಮಿಷನ್ನುಗಳದ್ದು. ಅದಿರಿನ ದರ ಏರಿತೆಂದು ಮುದ್ದೇಬಿಹಾಳದವರ ಬಿಲ್ಲು ಏರುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ದರಕ್ಕಿಂತ ಸರಬರಾಜಿನ ಕಗ್ಗಂಟು ದೊಡ್ಡದು. ಮಾರುಕಟ್ಟೆ ಕೆಲವೇ ಕಂಪನಿಗಳ ಕೈಗೆ ಬಂದ ಕಥೆಯಿಂದ ಅದನ್ನು ನೋಡೋಣ. ಹಳೆಯ ಅಯಾನಿಕ್ (ದ್ರಾವಣದಲ್ಲಿ ಅಯಾನುಗಳಾಗಿ ಒಡೆಯುವ) ಔಷಧಿಗಳಲ್ಲಿ ಕರಗಿದ ಕಣಗಳ ಸಾಂದ್ರತೆ ರಕ್ತಕ್ಕಿಂತ ಐದಾರು ಪಟ್ಟು ಇದ್ದು, ಚುಚ್ಚಿದಾಗ ನೋವು, ವಾಂತಿ ಸಾಮಾನ್ಯವಾಗಿದ್ದವು. ಸ್ವೀಡನ್ನಿನ ರೇಡಿಯಾಲಜಿಸ್ಟ್ ಟಾರ್ಸ್ಟನ್ ಆಲ್ಮೆನ್ 1960ರ ದಶಕದ ಕೊನೆಯಲ್ಲಿ ಅಯಾನಿಕ್ ಅಲ್ಲದ ಅಣುವಿನ ಕಲ್ಪನೆ ಕೊಟ್ಟರು. ಆಸ್ಲೋದ ನೈಗಾರ್ಡ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 1980ರ ದಶಕದಲ್ಲಿ ಬಂದ ಅಯೋಹೆಕ್ಸಾಲ್ ಆ ವಂಶದ್ದು. ಆ ಕಂಪನಿ ಕೈ ಬದಲಾಗುತ್ತ 2004ರಲ್ಲಿ ಜಿ.ಇ. ಪಾಲಾಯಿತು. ಇಂದು ಜಿ.ಇ. ಹೆಲ್ತ್‌ಕೇರ್, ಬೇಯರ್, ಬ್ರಾಕೊ, ಗೆರ್ಬೆ ಈ ನಾಲ್ಕು ಸಂಸ್ಥೆಗಳ ಕೈಯಲ್ಲೇ ಜಾಗತಿಕ ಮಾರುಕಟ್ಟೆಯ ಬಹುಪಾಲು ಇದೆ. 2022ರ ವಸಂತದಲ್ಲಿ ಶಾಂಘೈ ನಗರಕ್ಕೆ ಕೋವಿಡ್ ಲಾಕ್‌ಡೌನ್ ಬಿದ್ದು ಜಿ.ಇ.ಯ ಒಂದು ಕಾರ್ಖಾನೆ ಕುಂಟಿದ್ದೇ ತಡ, ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳು ತುರ್ತಲ್ಲದ ಸ್ಕ್ಯಾನ್‌ಗಳನ್ನು ಮುಂದಕ್ಕೆ ಹಾಕಬೇಕಾಯಿತು. ಇತ್ತ ಹೈದರಾಬಾದಿನ ಡಿವೀಸ್ ಲ್ಯಾಬೊರೇಟರೀಸ್ ಕಾಂಟ್ರಾಸ್ಟ್‌ನ ಮೂಲ ರಾಸಾಯನಿಕಗಳನ್ನು ವಿದೇಶಿ ಸಂಸ್ಥೆಗಳಿಗೆ ಪೂರೈಸುವ ವ್ಯವಹಾರ ಬೆಳೆಸುತ್ತಿದೆ.

ಮತ್ತೆ ದರದ ಮಾತಿಗೆ ಬಂದರೆ, ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕ ಸಿಕ್ಕಿದೆ, ಬೆಳೆದವರಿಗೆ ಆ ದಿನದ ದರ ಗೊತ್ತು. ಅದೇ ಮನೆಯವರು ಸ್ಕ್ಯಾನಿಂಗ್‌ಗೆ ಹೋದರೆ ಔಷಧಿಯ ದರ ಕಾಣುವುದಿಲ್ಲ. ಕೌಂಟರಿನಲ್ಲಿ ಎರಡು ಮೊತ್ತ ಹೇಳುತ್ತಾರೆ, ಪ್ಲೇನ್ ಇಷ್ಟು, ಕಾಂಟ್ರಾಸ್ಟ್ ಇಷ್ಟು. ಬಾಟಲಿಯ ಬೆಲೆ ಆ ವ್ಯತ್ಯಾಸದೊಳಗೆ ಅಡಗಿರುತ್ತದೆ. ಅಯೋಹೆಕ್ಸಾಲ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅದರ ಗರಿಷ್ಠ ಬೆಲೆಗೆ ಸರ್ಕಾರದ ಕಡಿವಾಣವಿದೆ ಎಂಬುದು ಬಹಳ ಜನರಿಗೆ ತಿಳಿದೇ ಇಲ್ಲ.

ಸ್ಕ್ಯಾನ್ ಕೋಣೆಯೊಳಗೆ ನಡೆಯುವುದು ಕೆಲವೇ ನಿಮಿಷಗಳ ಕೆಲಸ. ಮೊಣಕೈ ಮಡಿಕೆಯ ರಕ್ತನಾಳಕ್ಕೆ ಸೂಜಿ ಹಾಕಿ, ಸಲೈನ್ ಬಿಟ್ಟು ಪರೀಕ್ಷಿಸಿ, ಯಂತ್ರದ ಸಿರಿಂಜಿಗೆ ಜೋಡಿಸುತ್ತಾರೆ. ಔಷಧಿ ಸ್ವಲ್ಪ ಮಂದ. ಮೈಯ ಬಿಸಿಗೆ ತಂದುಕೊಂಡರೆ ಸಲೀಸಾಗಿ ಹರಿಯುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಮಿಲಿಲೀಟರಿನಂತೆ ಒಳನುಗ್ಗಿದಾಗ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಇಳಿಯುತ್ತದೆ, ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನಿಸುತ್ತದೆ. ಮೊದಲೇ ಹೇಳದಿದ್ದರೆ ವಯಸ್ಸಾದವರು ಗಾಬರಿಯಾಗಿ ಅಲುಗಾಡಿ ಚಿತ್ರವೇ ಕೆಡುತ್ತದೆ. ತೆಳ್ಳನೆಯ ಮೈಯವರಿಗೆ 70 ಮಿ.ಲೀ. ಸಾಕಾದರೆ, ಒಬ್ಬರಿಗೇ ಮೀಸಲಾದ 100ರ ಬಾಟಲಿಯಲ್ಲಿ ಉಳಿದ 30 ಮಿ.ಲೀ. ಕಸಕ್ಕೆ. ಮಾರುಕಟ್ಟೆಯ ಲೆಕ್ಕದಲ್ಲಿ ಅದೂ ‘ಬಳಕೆ’ಯೇ.

ಕೋಣೆಯ ಹೊರಗಿನ ಸಂಗತಿ ಇನ್ನೂ ಮುಖ್ಯ. ಮುದ್ದೇಬಿಹಾಳದಿಂದ ವಿಜಯಪುರ ಸುಮಾರು 80 ಕಿ.ಮೀ., ಸಿಂದಗಿಯಿಂದ 60. ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ಮಾತು ಕೇಳಿ ನಸುಕಿನಲ್ಲೇ ಬಸ್ ಹತ್ತಿದವರು, ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ನೀರನ್ನೂ ಮುಟ್ಟದೆ ಮಧ್ಯಾಹ್ನದವರೆಗೆ ಕಾಯುತ್ತಾರೆ. ಕಿಡ್ನಿಗೆ ಕಾಂಟ್ರಾಸ್ಟ್ ಹೊರೆಯಾಗುವ ಸಂಭವ ಹೆಚ್ಚಿಸುವುದೇ ನಿರ್ಜಲೀಕರಣ. ಈಗಿನ ಯುರೋಪಿನ ಮಾರ್ಗಸೂಚಿಗಳ ಪ್ರಕಾರ ಅಯಾನಿಕ್ ಅಲ್ಲದ ಔಷಧಿಗೆ ಉಪವಾಸ ಬೇಕಿಲ್ಲ, ನೀರು ಕುಡಿಯಲು ಅಡ್ಡಿಯಿಲ್ಲ. ಇನ್ನೊಂದು ಅಂಶ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ. ಅದರಿಂದ ಲೆಕ್ಕಹಾಕುವ ಇಜಿಎಫ್ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) 30ಕ್ಕಿಂತ ಕೆಳಗಿದ್ದವರ ವಿಷಯದಲ್ಲಿ ಎಚ್ಚರ ಬೇಕು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ ನಿಲ್ಲಿಸಬೇಕು. ಈ ರಕ್ತಪರೀಕ್ಷೆಗೆ ಜಿಲ್ಲಾ ಕೇಂದ್ರದವರೆಗೆ ಹೋಗಬೇಕಾಗಿಲ್ಲ. ರೆಫರ್ ಮಾಡುವ ಚೀಟಿಗೆ ವರದಿ ಲಗತ್ತಿಸಿ ಕಳಿಸಿದರೆ ಒಂದು ಖೇಪು ಉಳಿಯುತ್ತದೆ.

ಇಷ್ಟೂ ಸಿ.ಟಿ.ಯ ಮಾತು. ಎಂ.ಆರ್.ಐ.ಗೆ ಬಳಸುವ ಗ್ಯಾಡೊಲಿನಿಯಂ ಪ್ರಮಾಣದಲ್ಲಿ ಬಹಳ ಕಡಿಮೆ. 60 ಕಿಲೋ ತೂಕದವರಿಗೆ ಒಂದು ಗ್ರಾಂಗಿಂತ ತುಸು ಕಡಿಮೆ ಲೋಹ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣಕ್ಕೆ ಒಳಪಡಿಸಿದ ಏಳು ಅಪರೂಪದ ಭೂಲೋಹಗಳಲ್ಲಿ ಇದೂ ಒಂದು. ಇದಕ್ಕೆ ವ್ಯತಿರಿಕ್ತವಾಗಿ, ನಮ್ಮ ನೆರೆಯಲ್ಲೇ ಸಿಗುವುದು ಜೀರ್ಣನಾಳದ ಎಕ್ಸ್‌ರೇಗೆ ಕುಡಿಸುವ ಬೇರಿಯಂ. ಅದರ ಅದಿರಾದ ಬೆರೈಟ್ಸ್‌ನ ಜಗತ್ಪ್ರಸಿದ್ಧ ನಿಕ್ಷೇಪ ಆಂಧ್ರದ ಮಂಗಂಪೇಟೆಯಲ್ಲಿದೆ, ಅಲ್ಲಿಯ ಹೆಚ್ಚಿನ ಪಾಲು ಎಣ್ಣೆಬಾವಿಗಳಿಗೆ ಹೋಗುತ್ತದೆ ಅಷ್ಟೆ.

ಹಾಗಾದರೆ ನಾಲ್ಕು ತಾಲ್ಲೂಕುಗಳ ನಿಜವಾದ ಬೇಡಿಕೆಯನ್ನು ಎಣಿಸುವುದು ಹೇಗೆ? ವಿಜಯಪುರದ ಪಾಲು ಸುಲಭ. ಜಿಲ್ಲಾ ಆಸ್ಪತ್ರೆಯಲ್ಲೂ ಬಿ.ಎಲ್.ಡಿ.ಇ., ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ರೋಗಿಯ ವಿಳಾಸ ಬರೆದುಕೊಳ್ಳುವುದು ಇದ್ದದ್ದೇ. ಅದರ ಪಕ್ಕಕ್ಕೆ ತೆರೆದದ್ದೆಷ್ಟು, ಮೈಗೆ ಹೋದದ್ದೆಷ್ಟು ಎಂಬ ಎರಡು ಕಲಂ ಸೇರಿಸಿದರೆ ಸಾಕು. ಕಷ್ಟವಿರುವುದು ಸೊಲ್ಲಾಪುರದ ಪಾಲಿನಲ್ಲಿ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದವರು, ಚಡಚಣದ ಕಡೆಯಿಂದ ಬಸ್ಸಿನಲ್ಲಿ ಹೋದವರು ಬೇರೆ ರಾಜ್ಯದ ಖಾಸಗಿ ಸೆಂಟರುಗಳ ದಾಖಲೆಗೆ ಸೇರಿಹೋಗುತ್ತಾರೆ. ಅವು ನಮ್ಮ ಜಿಲ್ಲೆಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಫಿಲ್ಮು, ವರದಿ ಎರಡೂ ರೋಗಿಯ ಕೈಚೀಲದಲ್ಲಿ ಊರಿಗೆ ವಾಪಸು ಬರುತ್ತವೆ. ಕಾಂಟ್ರಾಸ್ಟ್ ಕೊಟ್ಟದ್ದು ವರದಿಯಲ್ಲಿ ನಮೂದಾಗಿರುತ್ತದೆ, ಎಷ್ಟೋ ಸಲ ಔಷಧಿಯ ಹೆಸರು, ಪ್ರಮಾಣದ ಸಮೇತ. ಮರುತಪಾಸಣೆಗೆ ಬಂದವರ ಆ ಚೀಲವನ್ನು ಇಂಡಿಯ ವೈದ್ಯರು ಹೇಗೂ ಬಿಚ್ಚಿ ನೋಡುತ್ತಾರೆ. ಸೊಲ್ಲಾಪುರದ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬೇಕು.